ಹಳದಿ ಟ್ಯಾಕ್ಸಿಗೆ ಆಯುಧಪೂಜೆ

ಆಯುಧಪೂಜೆಯ ದಿನ ಬೆಳಿಗ್ಗೆ ಮಾಸ್ತಮ್ಮ ಗಂಡನ ಶೋಕೇಸಿನ ಬೀಗ ಬಿಚ್ಚಿ ಬಾಗಿಲು ತೆಗೆದಳು. ಮದುವೆಯಾಗಿ ಇಷ್ಟು ವರ್ಷ ಕಳೆದರೂ ಅವಳು ಅದನ್ನು ತೆರೆದದ್ದು ಅದೇ ಮೊದಲು. ಒಳಗೆ ಮೂರು ಹಲಗೆಗಳ ಮೇಲೆ ಅಮೆರಿಕದ ಹಳೇ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ಅಂಗೈ ಮೇಲೆ ಕೂರುವಂಥ ಪುಟ್ಟ ಮಾದರಿಗಳು. ಹೆಚ್ಚಿನವು ಹಳದಿ, ಕೆಲವು ಕೆಂಪು, ಒಂದೆರಡು ಹಸಿರು-ಬಿಳಿ. ಬಾಗಿಲ ಮೇಲೆ ಕಪ್ಪು-ಬಿಳಿ ಚೌಕಳಿ ಪಟ್ಟಿ, ನೆತ್ತಿಯ ಮೇಲೆ ಪುಟ್ಟ ಬೋರ್ಡು. ಅವಳು ಒಂದೊಂದನ್ನೇ ಎತ್ತಿ ಬಿದಿರು ಬುಟ್ಟಿಗೆ ಹಾಕಿಕೊಂಡು ಬಾವಿಕಟ್ಟೆಗೆ ನಡೆದಳು. ಅಲ್ಲಿ ಬೋಗುಣಿಯಲ್ಲಿ ಹುಣಸೆಹಣ್ಣು ನೆನೆದಿತ್ತು. ಪಕ್ಕದಲ್ಲಿ ಒಲೆಯ ಬೂದಿ, ತೆಂಗಿನ ನಾರು.

"ಹೋಯ್, ಎಂತ ಸಪ್ಪಳ ಅದು?" ಒಳಕೋಣೆಯಿಂದ ಗಂಡ ಈರಪ್ಪ ಕೇಳಿದ.

"ಎಂತದೂ ಇಲ್ಲ. ಹಬ್ಬದ ಕೆಲಸ. ನೀವು ಮುಖ ಎತ್ತಬೇಡಿ, ಸುಮ್ನೆ ಮಲಗಿ."

ಮುಖ ಎತ್ತಬಾರದು ಎಂದದ್ದು ಡಾಕ್ಟರು. ಈರಪ್ಪನ ಎಡಗಣ್ಣು ಎರಡು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಈ ಸಲ ನವರಾತ್ರಿಗೆ ಸ್ವಲ್ಪ ಮುಂಚೆ ಬಲಗಣ್ಣಿಗೂ ಕತ್ತಲೆ ಬಂತು. ಒಳಗಿನ ಪರದೆ ಕಳಚಿದೆ ಎಂದು ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿದರು. ಪರದೆ ಮತ್ತೆ ಅಂಟಿಕೊಳ್ಳಲಿ ಎಂದು ಕಣ್ಣೊಳಗೆ ಗ್ಯಾಸು ತುಂಬಿದರು. ಆ ಗ್ಯಾಸು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕಂತೆ. ಗ್ಯಾಸು ಕರಗುವವರೆಗೆ ಎಂತದೂ ಕಾಣುವುದಿಲ್ಲ. ಕರಗಿದ ಮೇಲೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಮಾಸ್ತಮ್ಮ ಹಳೇ ಸೀರೆಗಳನ್ನು ಸುತ್ತಿ, ಹುಲ್ಲುಹೊರೆ ಹೊರುವಾಗ ತಲೆಗಿಡುವ ಸಿಂಬೆಯಂಥದ್ದನ್ನೇ ದೊಡ್ಡದಾಗಿ ಮಾಡಿಕೊಟ್ಟಿದ್ದಳು. ಅದರ ಮೇಲೆ ಹಣೆ ಊರಿ ಅವನು ಮಂಚದ ಮೇಲೆ ಬೋರಲು ಬಿದ್ದುಕೊಂಡಿರುತ್ತಿದ್ದ.

ಭಟ್ಕಳ, ಹೊನ್ನಾವರ, ಕುಮಟಾ. ಈ ಮೂರು ಊರುಗಳ ನಡುವೆ ಟೆಂಪೋ ಓಡಿಸುತ್ತಲೇ ಈರಪ್ಪನ ಆಯುಷ್ಯದ ಮುಕ್ಕಾಲು ಪಾಲು ಸವೆದಿತ್ತು. ಮುರ್ಡೇಶ್ವರದಲ್ಲಿ ಯಾರು ಇಳಿಯುತ್ತಾರೆ, ಮಂಕಿಯಲ್ಲಿ ಯಾರು ಹತ್ತುತ್ತಾರೆ, ಅಪ್ಸರಕೊಂಡ ನೋಡಲು ಬಂದವರು ಎಲ್ಲಿ ಇಳಿಯಬೇಕೆಂದು ತಿಳಿಯದೆ ಎಲ್ಲಿ ಕಂಗಾಲಾಗುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಮಾತು ಕಮ್ಮಿ, ಹಾರ್ನು ಅದಕ್ಕಿಂತ ಕಮ್ಮಿ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಹಾಗಂತ ಯಾವ ಹುಚ್ಚೂ ಇಲ್ಲದ ಗಂಡಸು ಎಂದು ಹೆಂಡತಿ ನೆಮ್ಮದಿಯಾಗಿರುವಂತೆಯೂ ಇರಲಿಲ್ಲ. ಅವನಿಗೆ ಹಿಡಿದದ್ದು ಈ ಕಾರಿನ ಹುಚ್ಚು.

ಅದು ಶುರುವಾದದ್ದು ಭಟ್ಕಳದ ಹಳೇ ಪೇಟೆಯಲ್ಲಿ. ಅಲ್ಲಿ ಇಸ್ಮಾಯಿಲ್ ಸಾಹೇಬರದ್ದೊಂದು ಫಾರಿನ್ ಸಾಮಾನಿನ ಅಂಗಡಿ ಇತ್ತು. ಅತ್ತರು, ಸಾಬೂನು, ಟಾರ್ಚು, ಚಾಕಲೇಟಿನ ಡಬ್ಬಿ, ಎಲ್ಲ ದುಬೈಯಿಂದ ಬಂದದ್ದು. ಮಗಳು ರೋಹಿಣಿಗೆ ಪೆನ್ಸಿಲ್ ಬಾಕ್ಸು ತರಲು ಹೋದ ಈರಪ್ಪನ ಕಣ್ಣಿಗೆ ಅತ್ತರಿನ ಶೀಶೆಗಳ ನಡುವೆ ಒಂದು ಹಳದಿ ಕಾರು ಬಿತ್ತು. ಸಾಹೇಬರು ತೆಗೆದು ಕೈಗೆ ಕೊಟ್ಟರು. "ನ್ಯೂಯಾರ್ಕಿನ ಟ್ಯಾಕ್ಸಿ ಈರಪ್ಪ, ಚೆಕ್ಕರ್ ಅಂತ ಹೆಸರು. ಹಿಂದಿನ ಬಾಗಿಲು ತೆಗೀರಿ, ತಮಾಷೆ ನೋಡಿ."

ಬಾಗಿಲು ತೆಗೆದರೆ ಹಿಂದಿನ ಸೀಟಿನ ಮುಂದೆ, ನೆಲದಿಂದ ಏಳುವ ಎರಡು ಪುಟ್ಟ ಮಡಚುವ ಸೀಟುಗಳು. ಜನ ಹೆಚ್ಚಾದರೆ ಬಿಡಿಸಿ ಕೂರಿಸುವುದು, ಇಳಿದರೆ ಮಡಚಿಡುವುದು. ಈರಪ್ಪ ದಂಗಾದ. ಅಮೆರಿಕದವನಿಗೂ ಎಕ್ಸ್ಟ್ರಾ ಪ್ಯಾಸೆಂಜರಿನ ಆಸೆ! ಎಂಜಿನ್ನಿನ ಪಕ್ಕ ಹಲಗೆ ಹಾಕಿ ಇಬ್ಬರನ್ನು ಹೆಚ್ಚಿಗೆ ತುರುಕುವ ನಮ್ಮ ಬುದ್ಧಿಯೇ ಅಲ್ಲೂ ಇದೆ, ಆದರೆ ಕೂರುವವನಿಗೆ ಮರ್ಯಾದೆ ಕೊಟ್ಟು ಮಾಡಿದ್ದಾನೆ. ಅವನಿಗೆ ಆ ಕಾಣದ ದೇಶದ ಡ್ರೈವರುಗಳೆಲ್ಲ ಹೊನ್ನಾವರದ ಸ್ಟ್ಯಾಂಡಿನಲ್ಲಿ ಪಾಳಿ ಕಾಯುವವರಂತೆಯೇ ಕಂಡುಬಿಟ್ಟರು. ಪೆನ್ಸಿಲ್ ಬಾಕ್ಸು ಮರೆತೇಹೋಯಿತು.

ಮನೆಗೆ ಬಂದವನು ಹೆಂಡತಿಯನ್ನು ಕರೆದು, ಉಗುರ ತುದಿಯಲ್ಲಿ ಆ ಸೀಟನ್ನು ಬಿಡಿಸಿ ತೋರಿಸಿದ. ಆ ಕಾಲದಲ್ಲಿ ಮಾಸ್ತಮ್ಮ ತವರಿಗೆ ಹೋಗಬೇಕಾದರೆ ಗಂಡನ ಟೆಂಪೋದಲ್ಲೇ ಹೋಗುತ್ತಿದ್ದಳು, ಹೊನ್ನಾವರದವರೆಗೂ ನಿಂತುಕೊಂಡು. ಸೀಟು ಕೊಟ್ಟರೆ ಒಂದು ಪ್ಯಾಸೆಂಜರು ಕಮ್ಮಿಯಾಗುತ್ತದಲ್ಲ. ಸೊಂಟದ ಮೇಲೆ ರೋಹಿಣಿ, ಇನ್ನೊಂದು ಕೈ ಮೇಲಿನ ಸರಳಿಗೆ.

"ನೋಡು, ನಮ್ಮ ಟೆಂಪೋಕ್ಕೆ ಇಂಥದ್ದೊಂದು ಸೀಟಿದ್ದಿದ್ರೆ ನೀ ನಿಲ್ಲಬೇಕಾಗ್ತಿರಲಿಲ್ಲ," ಎಂದ.

"ಹೌದು, ಮಕ್ಳ ಆಟಿಗೆಯಲ್ಲಿ ಕೂತ್ಕಂಡು ನಾ ತವರಿಗೆ ಹೋಗೂದು," ಎಂದು ಅವಳು ಮೂಗು ಮುರಿದು ಒಳಗೆ ಹೋದಳು. "ಹುಡುಗಿಯ ಪೆನ್ಸಿಲ್ ಬಾಕ್ಸು ಎಲ್ಲಿ?"

ಅಲ್ಲಿಂದ ಮುಂದೆ ಆ ಮನೆಯಲ್ಲಿ ಅವುಗಳಿಗೆ ಎರಡು ಹೆಸರು. ಈರಪ್ಪನ ಬಾಯಲ್ಲಿ ಗಾಡಿ, ಮಾಸ್ತಮ್ಮನ ಬಾಯಲ್ಲಿ ಆಟಿಗೆ. ಗಲ್ಫಿಗೆ ಹೋಗಿ ಬರುವ, ಭಟ್ಕಳದ ಪಕ್ಕದ ಜಾಲಿ ಊರಿನ ಹುಡುಗರಿಗೆಲ್ಲ ಅವನದ್ದು ಒಂದೇ ಬೇಡಿಕೆ: ಬರುವಾಗ ಒಂದು ಟ್ಯಾಕ್ಸಿ. ಹಾಗೆ ಬಂತು, ಎತ್ತರದ ಕಟ್ಟಡ ನೋಡಲೆಂದು ನೆತ್ತಿಗೆ ಗಾಜಿನ ಕಿಟಕಿ ಇದ್ದ ಡಿಸೋಟೋ. ಬಂತು, ಹಂದಿಮೂತಿಯ ಪ್ಲಿಮತ್. ಹೊಸತು ಬಂದ ಮರುದಿನ ಅದನ್ನು ಟೆಂಪೋದ ಮುಂದೆ ಗಣಪತಿಯ ಪಕ್ಕದಲ್ಲಿಟ್ಟು, ಶರಾವತಿ ಸೇತುವೆ ದಾಟಿಸಿ, ಕುಮಟಾ ಮುಟ್ಟಿಸಿ ತರುತ್ತಿದ್ದ. ಹಾಗೆ ಒಂದು ಟ್ರಿಪ್ ಮಾಡಿದ ಮೇಲೆಯೇ ಅದಕ್ಕೆ ಶೋಕೇಸಿನಲ್ಲಿ ಜಾಗ. ಅಲ್ಲೂ ಸುಮ್ಮನೆ ನಿಲ್ಲಿಸುವುದಲ್ಲ, ಪಾಳಿ! ಇವತ್ತು ಮುಂದೆ ನಿಂತದ್ದು ನಾಳೆ ಸಾಲಿನ ಕೊನೆಗೆ. ದಿನಾ ಬೆಳಿಗ್ಗೆ ಚಹ ಕುಡಿಯುವ ಮೊದಲು ಇಷ್ಟು ಕೆಲಸ. ಬಂದ ನೆಂಟರು ಕದ್ದು ನೋಡಿ ನಗುತ್ತಿದ್ದರು. ಮಾಸ್ತಮ್ಮನಿಗೆ ಮುಖ ಎತ್ತಲಾಗುತ್ತಿರಲಿಲ್ಲ.

ರೋಹಿಣಿಯ ಮದುವೆ ಮಾತುಕತೆಗೆ ಹಿರೇಗುತ್ತಿಯಿಂದ ಗಂಡಿನ ಕಡೆಯವರು ಬಂದಾಗ ಅದು ಮಿತಿ ಮೀರಿತು. ಹೆಣ್ಣಿನ ಬಗ್ಗೆ ಎರಡು ಮಾತು ಕೇಳಿ ಮುಗಿಸಿದ ಗಂಡಿನ ಸೋದರಮಾವ, ಶೋಕೇಸು ನೋಡಿ, "ಮನೇಲಿ ಸಣ್ಣ ಮಕ್ಳು ಇದ್ದಾರಾ?" ಎಂದು ಕೇಳಿಬಿಟ್ಟ. ಈರಪ್ಪ ಅದನ್ನು ಕಿವಿಗೇ ಹಾಕಿಕೊಳ್ಳದೆ, ಅವನ ಕೈಗೆ ಡಿಸೋಟೋ ಕೊಟ್ಟು ನೆತ್ತಿಯ ಕಿಟಕಿಯ ವರ್ಣನೆಗೆ ಶುರುವಿಟ್ಟ. ಸಂಬಂಧ ಕೂಡಿಬಂತು, ಅದು ಬೇರೆ ಮಾತು. ಆದರೆ ಅವರು ಗೇಟು ದಾಟಿದ್ದೇ ತಡ, ಮಾಸ್ತಮ್ಮ ಸಿಡಿದಳು.

"ನೀವು ನೋಡ್ತಾ ಇರಿ. ಒಂದಿನ ನಿಮ್ಮ ಕಣ್ತಪ್ಸಿ ಈ ಆಟಿಗೆ ಎಲ್ಲ ತಕಂಡೋಗಿ ಹೊಳಿಗೆ ಹಾಕದಿದ್ರೆ ಕೇಳಿ!"

ಮರುದಿನ ಶೋಕೇಸಿಗೆ ಸಣ್ಣದೊಂದು ಬೀಗ ಬಂತು. ಬೀಗದ ಕೈ ಅದೇ ಶೋಕೇಸಿನ ತಲೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಅಂಥ ಬೀಗದಿಂದ ಕಳ್ಳನಿಗೆ ಏನೂ ಆಗುವುದಿಲ್ಲ. ಹೆಂಡತಿಗೆ ನೋವಾಗುತ್ತದೆ, ಅಷ್ಟೇ. ಮಾಸ್ತಮ್ಮನಿಗೆ ಆಯಿತು. ಆ ಮೇಲೆ ಅವಳು ಶೋಕೇಸಿನ ಧೂಳನ್ನೂ ಒರೆಸಲಿಲ್ಲ.

ಎಡಗಣ್ಣು ಹೋದಾಗ ಈರಪ್ಪ ಟೆಂಪೋ ಮಾರಿದ. ಕೊಂಡವನು ದಾಸ, ಅವನದೇ ಸ್ಟ್ಯಾಂಡಿನ ಹುಡುಗ. ಗಾಡಿ ಗೇಟಿನಿಂದ ಹೊರಬಿದ್ದ ದಿನ ಈರಪ್ಪ ಊಟ ಮಾಡಿದ, ಮಲಗಿದ, ಎಲ್ಲ ಎಂದಿನ ಹಾಗೇ. ಆ ವರ್ಷದ ಆಯುಧಪೂಜೆಗೆ ಮಾತ್ರ ಅಂಗಳ ಬರಿದಾಗಿತ್ತು. ಪ್ರತಿ ವರ್ಷ ಅದೇ ಅಂಗಳದಲ್ಲಿ ಟೆಂಪೋ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದು, ಗಾಡಿಯನ್ನು ಒಂದು ಮಾರು ಮುಂದೆ ಬಿಡುವುದಿತ್ತು. ಟೆಂಪೋ ಇಲ್ಲದ ಈರಪ್ಪ ಸ್ನಾನ ಮಾಡಿ ಬಂದು, ಶೋಕೇಸಿನ ಗಾಜಿಗೆ ಒಂದು ದಾಸವಾಳ ಸಿಕ್ಕಿಸಿ, ಕೈಮುಗಿದು ಬಹಳ ಹೊತ್ತು ನಿಂತ. ಬಾಗಿಲ ಮರೆಯಿಂದ ಮಾಸ್ತಮ್ಮ ಅದನ್ನು ನೋಡಿದಳು. ಆದರೆ ಬೀಗದ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಹಾಗಾಗಿ ಒಲೆಯ ಕಡೆಗೆ ತಿರುಗಿದಳು.

ಈ ಸಲ ಬೋರಲು ಬಿದ್ದ ಈರಪ್ಪ ಹಬ್ಬದ ಮುನ್ನಾದಿನ ನೆಲಕ್ಕೇ ಮುಖ ಮಾಡಿಕೊಂಡು ಹೇಳಿದ್ದ: "ಈ ವರ್ಷ ಗಾಡಿಗಳಿಗೆ ಒಂದು ಹೂವು ಸೈತ ಇಲ್ಲ." ಹೆಂಡತಿಗೆ ಹೇಳಿದ್ದಲ್ಲ, ತನಗೆ ತಾನೇ ಅಂದುಕೊಂಡದ್ದು.

ಹಾಗಾಗಿಯೇ ಮಾಸ್ತಮ್ಮ ಬೆಳಿಗ್ಗೆ ಎದ್ದು ಹುಣಸೆಹಣ್ಣು ನೆನೆಹಾಕಿದ್ದು. ಮಾಡುವುದಾದರೆ ಸರಿಯಾಗಿ ಮಾಡಬೇಕು, ಕಾಟಾಚಾರಕ್ಕೆ ಮಾಡುವವಳಲ್ಲ ಅವಳು. ಟ್ಯಾಕ್ಸಿಗಳನ್ನು ಎತ್ತಿ ನೋಡಿದರೆ ಭಾರ, ಒಳಗೆ ಲೋಹ. ಲೋಹದ ಸಾಮಾನು ಹಬ್ಬಕ್ಕೆ ಹೇಗೆ ತೊಳೆಯಬೇಕೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ದೀಪದ ಕಂಬ, ಆರತಿ ತಟ್ಟೆ, ತಾಮ್ರದ ಹಂಡೆ ಎಲ್ಲ ಅವಳ ಕೈಯಲ್ಲಿ ಚಿನ್ನದ ಹಾಗೆ ಹೊಳೆಯುತ್ತವೆ ಎಂದು ಕೇರಿಯೇ ಹೇಳುತ್ತದೆ.

ನಾರಿಗೆ ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕಿದಳು. ನೀರು ಹಳದಿಯಾಗಿ ಇಳಿಯಿತು. "ಅಯ್ಯ, ಎಷ್ಟು ವರ್ಷದ ಕೊಳೆಯೇ ಇದು! ಒಂದಿನ ನೀರು ತೋರಿಸಿದ್ದಿದ್ರೆ," ಎಂದು ಗಂಡನ ಮೇಲೆ ಗೊಣಗಿಕೊಂಡು ಇನ್ನೂ ಜೋರಾಗಿ ತಿಕ್ಕಿದಳು. ಚೌಕಳಿ ಪಟ್ಟಿಯ ಸ್ಟಿಕ್ಕರುಗಳು ಎದ್ದು ಬಂದು ಬೋಗುಣಿಯಲ್ಲಿ ಮೀನಿನ ಹುರುಪೆಯ ಹಾಗೆ ತೇಲಿದವು. ಅಂಟಿಸಿದ ಬೆಲೆಚೀಟಿ ಇರಬೇಕೆಂದು ಚೆಲ್ಲಿದಳು. ಬುಟ್ಟಿ ಖಾಲಿಯಾದ ಮೇಲೆ ಎಲ್ಲವನ್ನೂ ಒಣಗಲು ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಬೆನ್ನು ನೆಟ್ಟಗೆ ಮಾಡಿ ನೋಡಿದಳು. ಆಗ ಗೊತ್ತಾಯಿತು.

ಟ್ಯಾಕ್ಸಿಗಳ ಬಣ್ಣ ಹೋಗಿತ್ತು. ಅಲ್ಲಲ್ಲಿ ಹಳದಿಯ ಕಲೆ ಬಿಟ್ಟರೆ ಬೂದು ಲೋಹ, ಅದರ ಮೇಲೆ ನಾರಿನ ಗೀರು. ಬರಹ ಇಲ್ಲ, ಚೌಕಳಿ ಇಲ್ಲ. ಬಂಪರಿನ ಬೆಳ್ಳಿ ಬಣ್ಣವೂ ಇಲ್ಲ. ಬೋಗುಣಿ ನೋಡಿದಳು. ಕೊಳೆಯೆಂದು ಚೆಲ್ಲಿದ್ದು ಇಪ್ಪತ್ತು ವರ್ಷ ಗಂಡ ಬೆರಳಲ್ಲೂ ಒತ್ತಿ ಮುಟ್ಟದ ಬಣ್ಣ.

ಆದರೂ ಪೂಜೆ ನಿಲ್ಲಿಸಲು ಅವಳಿಗೆ ಧೈರ್ಯ ಬರಲಿಲ್ಲ. ತೊಳೆದ ವಾಹನವನ್ನು ಪೂಜೆ ಇಲ್ಲದೆ ಒಳಗೆ ತರುವುದುಂಟೇ? ಒಂದೊಂದಕ್ಕೂ ಕುಂಕುಮ ಇಟ್ಟಳು, ಚೆಂಡುಹೂವಿನ ಎಸಳು ಇಟ್ಟಳು. ಗಾಲಿಯ ಕೆಳಗೆ ನಿಂಬೆಹಣ್ಣಿಡಲು ಹೋದರೆ ನಿಂಬೆಹಣ್ಣು ಕಾರಿನಷ್ಟೇ ದೊಡ್ಡದು. ಹಿತ್ತಲಿಗೆ ಹೋಗಿ ಸುಂಡೆಗಿಡದಿಂದ ಒಂದು ಮಡಿಲು ಬಟಾಣಿಯಷ್ಟೇ ಗಾತ್ರದ ಎಳೇ ಸುಂಡೆಕಾಯಿ ಕಿತ್ತು ತಂದಳು. ಗಾಲಿಗೊಂದು ಕಾಯಿ ಇಟ್ಟು, ಒಂದೊಂದು ಟ್ಯಾಕ್ಸಿಯನ್ನೂ ಬೆರಳಿನಿಂದ ಒತ್ತಿ, ಕಾಯಿ ಪಚಕ್ಕೆನ್ನುವ ಹಾಗೆ ಮುಂದೆ ನೂಕಿದಳು. ಆರತಿ ಎತ್ತುವಾಗ ಕಣ್ಣಲ್ಲಿ ನೀರು ಬಂದು ಎಂತದೂ ಕಾಣದಾಯಿತು. ಅವನ್ನೆಲ್ಲ ಒರೆಸಿ, ಶೋಕೇಸಿನಲ್ಲಿ ಅದೇ ಸಾಲಿನಲ್ಲಿ ನಿಲ್ಲಿಸಿ ಬಾಗಿಲು ಹಾಕಿದಳು.

ಬಣ್ಣ ಹೋಯಿತೆಂಬ ದುಃಖ ಒಂದು ತೂಕ. ಅವಳ ಎದೆಗೆ ಕಲ್ಲಿಟ್ಟದ್ದು ಇನ್ನೊಂದು. ಕಣ್ತಪ್ಪಿಸಿ ಹೊಳೆಗೆ ಹಾಕುತ್ತೇನೆ ಎಂದವಳು ಅವಳು. ಈಗ ಗಂಡನಿಗೆ ಕಣ್ಣಿಲ್ಲದ ಹೊತ್ತಿನಲ್ಲೇ ಹೀಗಾಗಿದೆ. ಭಕ್ತಿಯಿಂದ ತೊಳೆದೆ ಎಂದರೆ ಯಾರು ನಂಬುತ್ತಾರೆ?

ಹಬ್ಬ ಕಳೆದ ಮರುದಿನವೇ ಈರಪ್ಪ ಕೇಳಿದ. "ಬೇಜಾರು ಬರ್ತದೆ ಮಾರಾಯ್ತಿ. ಆ ಚೆಕ್ಕರ್ ಒಂಚೂರು ಕೈಗೆ ಕೊಡು. ಮೊದಲು ತಂದದ್ದು."

ಬೇರೆ ಯಾವುದನ್ನೋ ಕೊಟ್ಟರೆ ಕೈಯಲ್ಲೇ ಗುರುತು ಹಿಡಿದಾನು. ತಂದುಕೊಟ್ಟಳು. ಮಂಚದಿಂದ ಕೆಳಗೆ ಇಳಿಬಿಟ್ಟ ಕೈಗಳಲ್ಲಿ ಅವನು ಟ್ಯಾಕ್ಸಿಯನ್ನು ತಿರುಗಿಸಿದ. ಹಿಂಬಾಗಿಲು ತೆಗೆದ. ಬಾಗಿಲ ಮೇಲೆ ಹೆಬ್ಬೆರಳು ಆಡಿಸಿದ. ಬೆರಳು ಒಮ್ಮೆ ನಿಂತಿತು. ಮತ್ತೆ ಆಡಿಸಿದ. ಆಮೇಲೆ ಅದನ್ನು ಮೂಗಿನ ಹತ್ತಿರ ತಂದ.

"ಆತು. ಇಟ್ಟುಬಿಡು," ಎಂದ.

ಆ ದಿನ ಅವನು ಗಂಜಿ ಮುಟ್ಟಲಿಲ್ಲ. ಮರುದಿನವೂ ಹೆಂಡತಿಯ ಜತೆ ಮಾತಾಡಲಿಲ್ಲ. ಕಣ್ಣಿಗೆ ಔಷಧ ಬಿಡುವಾಗ ಅವಳ ಕೈ ತಾಗಿದರೆ ಮೈ ಬಿಗಿ ಹಿಡಿಯುತ್ತಿದ್ದ. ನೋವಿರಬೇಕು ಎಂದು ಮಾಸ್ತಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆರಳಿಗೆ ಬಣ್ಣ ತಿಳಿಯುತ್ತದೆಯೇ? ಇಲ್ಲ ಬಿಡು. ಆದರೆ ಮೂಗಿನ ಹತ್ತಿರ ತಂದದ್ದು ಯಾಕೆ? ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಆಮೇಲೆ ಒಂದು ಸಂಜೆ ಅವನೇ, "ಇನ್ನೊಂದ್ಸಲ ಕೊಡು ಅದನ್ನ," ಎಂದ. ಈ ಸಲ ತಿರುಗಿಸಿ, ಅಡಿಯಲ್ಲೆಲ್ಲ ಬೆರಳಾಡಿಸಿ, ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡ. ಮಾಸ್ತಮ್ಮ ಒಲೆಯ ಮುಂದೆ ಕೂತು, ಕಿವಿಯನ್ನೆಲ್ಲ ಅತ್ತಲೇ ಇಟ್ಟಿದ್ದಳು. ಒಳಗಿನಿಂದ ಬಂದದ್ದು ಒಂದೇ ಮಾತು: "ನಾಳೆ ಬಂಗಡೆ ಸಿಕ್ರೆ ಸಾರು ಮಾಡು. ಬಾಯಿ ಕೆಟ್ಟೋಗದೆ." ಅವಳಿಗೆ ಹೋದ ಜೀವ ಬಂದಂತಾಯಿತು. ಗೊತ್ತಾಗಿಲ್ಲ ಎಂದುಕೊಂಡಳು.

ಹಿರೇಗುತ್ತಿಯಿಂದ ರೋಹಿಣಿ ಅಪ್ಪನನ್ನು ನೋಡಲು ಬಂದವಳು ಶೋಕೇಸಿನ ಮುಂದೆ ಬಾಯಿಗೆ ಕೈ ಹಚ್ಚಿ ನಿಂತುಬಿಟ್ಟಳು. ತಾಯಿ ಅವಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದು ಎಲ್ಲ ಹೇಳಿದಳು.

"ಅಮ್ಮ, ನೀನೇ ಹೇಳಿಬಿಡು. ಕಣ್ಣು ಬಂದ್ಮೇಲೆ ಅಪ್ಪ ತಾನಾಗಿ ನೋಡೂಕಿಂತ ಅದೇ ಚಲೋ."

"ಹೇಳಿದ್ರೆ ನಂಬ್ತಾರಾ? ಹೊಳಿಗೆ ಹಾಕ್ತೆ ಅಂದದ್ದು ನೀನೂ ಕೇಳಿದ್ದೆ ಅಲ್ದಾ?"

"ಹಾಂಗಾದ್ರೆ ಫೋನಲ್ಲಿ ಹುಡ್ಕಿ ಹೊಸತು ತರಿಸ್ತೆ. ಇಂಥವು ಸಿಗ್ತವೆ."

"ಸಿಗ್ತವೆ. ಇಸ್ಮಾಯಿಲ್ ಸಾಹೇಬರ ಕೈಯಿಂದ ತಂದದ್ದು ಸಿಗ್ತದಾ? ಆ ಅಂಗಡಿಯೇ ಈಗ ಇಲ್ಲ."

ರೋಹಿಣಿ ತನ್ನ ಚೀಲದಿಂದ ಕಪ್ಪು, ಬಿಳಿ ಉಗುರು ಬಣ್ಣದ ಎರಡು ಶೀಶೆ ತೆಗೆದಳು. ತಾಯಿ ಮಗಳು ಬಾವಿಕಟ್ಟೆಯ ಮೇಲೆ ಕೂತು ಚೆಕ್ಕರಿನ ಒಂದು ಬದಿಗೆ ಚೌಕಳಿ ಬಿಡಿಸಲು ನೋಡಿದರು. ದಿನಾ ಹೊಸಿಲಿಗೆ ಚುಕ್ಕಿ ತಪ್ಪದೆ ರಂಗೋಲಿ ಇಡುವ ಕೈ ಮಾಸ್ತಮ್ಮನದು. ಆದರೆ ಹೆದರಿದ ಕೈಯಲ್ಲಿ ಚೌಕ ಮೂಡುವುದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು, ಒಂದು ಸೋರಿ ಗಾಲಿಯವರೆಗೆ ಇಳಿದುಹೋಯಿತು. ರೋಹಿಣಿಗೆ ನಗು ತಡೆಯಲಾಗಲಿಲ್ಲ. ಮಾಸ್ತಮ್ಮನಿಗೆ ಅಳು ತಡೆಯಲಾಗಲಿಲ್ಲ. ಇನ್ನೊಂದು ಬದಿಗೆ ಕೈ ಹಾಕದೆ ಬಿಟ್ಟರು.

ಮತ್ತೆ ಮಂಗಳೂರಿಗೆ ಹೋದಾಗ ಡಾಕ್ಟರು ಪರದೆ ಅಂಟಿಕೊಂಡಿದೆ ಎಂದರು, ಇನ್ನು ಮುಖ ಎತ್ತಬಹುದು ಎಂದರು. ಗ್ಯಾಸು ಕರಗುತ್ತ ಬಂದ ಹಾಗೆ ಮೇಲಿನಿಂದ ಕೆಳಕ್ಕೆ ದೃಷ್ಟಿ ಬಿಡಿಸುತ್ತ ಹೋಗುತ್ತದಂತೆ. ಮನೆಗೆ ಬರುವಾಗ ದಾಸನೇ ಅವರನ್ನು ಭಟ್ಕಳದ ಸ್ಟೇಶನ್ನಿನಿಂದ ಟೆಂಪೋದಲ್ಲಿ ಕರೆತಂದ. ಈರಪ್ಪ ಮುಂದಿನ ಸೀಟಿನಲ್ಲಿ ಕೂತು ಮಗುವಿನಂತೆ ಬಡಬಡಿಸಿದ.

"ಹೊಳೆಯ ಇಳಿತ ಕಂಡಿದ್ದೀಯಲ್ಲ ದಾಸ, ಹಾಂಗೇ. ಕಣ್ಣೊಳಗೆ ನೀರಿನ ಗೆರೆ ಇಳೀತಾ ಬರ್ತದೆ. ಗೆರೆ ಮೇಲಿನದ್ದು ಕಾಣ್ತದೆ, ಕೆಳಗಿನದ್ದು ತುಳುಕ್ತದೆ."

ಕಾಣುತ್ತದೆ! ಮಾಸ್ತಮ್ಮ ಕಟ್ಟಿಕೊಂಡ ಹರಕೆಗಳೆಲ್ಲ ಫಲಿಸಿದ್ದವು. ಅವಳು ಹಿಂದಿನ ಸೀಟಿನಲ್ಲಿ ಕೂತು ಕೈಮುಗಿದಳು. ಹರಕೆ ಹೊತ್ತ ಬಾಯಿಯಲ್ಲೇ, ಆ ಗೆರೆ ಇನ್ನು ನಾಲ್ಕು ದಿನ ನಿಧಾನ ಇಳಿಯಲಿ ದೇವರೇ ಎಂದು ಬೇಡಿಕೊಂಡು, ಬೇಡಿಕೊಂಡದ್ದಕ್ಕೆ ಕೆನ್ನೆಗೆ ಹೊಡೆದುಕೊಂಡಳು.

ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸ, ಮೇಲಿನ ಎರಡು ಹಲಗೆಯ ಟ್ಯಾಕ್ಸಿಗಳನ್ನೆಲ್ಲ ಕೆಳಗಿನ ಹಲಗೆಗೆ ತುರುಕಿದ್ದು. ಗೆರೆ ಅಲ್ಲಿಗೆ ಮುಟ್ಟುವುದು ಎಲ್ಲಕ್ಕಿಂತ ಕಡೆಗೆ ಎಂಬುದು ಅವಳ ಲೆಕ್ಕ. ತಲೆ ಬಗ್ಗಿಸಿದರೆ ಕೆಳಗಿನದ್ದೂ ಕಾಣುತ್ತದೆ ಎಂದು ಆ ಹೊತ್ತಿಗೆ ಅವಳಿಗೆ ಹೊಳೆಯಲೇ ಇಲ್ಲ.

ಈರಪ್ಪ ಶೋಕೇಸಿನ ಕಡೆ ತಿರುಗಲಿಲ್ಲ. ಮಾಡಿನ ಹಂಚು ನೋಡಿದ, ಬಾಗಿಲ ಮೇಲಿನ ಗಣಪತಿ ನೋಡಿದ. ಹೆಂಡತಿ ಚಹ ತಂದಾಗ ಅವಳ ತಲೆ ನೋಡಿದ. "ಎಂತದೇ ಇದು, ಇಷ್ಟು ಬೆಳ್ಳಗಾಗದೆ? ನಾ ಮಲಗಿದ್ದಾಗ ಸುಣ್ಣ ಬಳ್ಕಂಡೆಯಾ?" ಅವಳು ನಕ್ಕಳು. ನಗುತ್ತಲೇ, ಈಗ ಹೇಳಬೇಕು ಎಂದುಕೊಂಡಳು. ಹೇಳಲಿಲ್ಲ. ಸಂಜೆ ಹೇಳುತ್ತೇನೆ ಎಂದುಕೊಂಡಳು. ಸಂಜೆಯೂ ಆಗಲಿಲ್ಲ. ಹೀಗೆ ದೀಪಾವಳಿ ಬಂತು.

ಹಬ್ಬದ ಬೆಳಿಗ್ಗೆ ಮಾಸ್ತಮ್ಮ ಹಂಡೆಗೆ ನೀರು ಕಾಯಲಿಟ್ಟು ಒಳಗೆ ಬಂದರೆ ಗಂಡ ಹಾಸಿಗೆಯಲ್ಲಿಲ್ಲ. ಶೋಕೇಸಿನ ಮುಂದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಬಾಗಿಲು ತೆರೆದಿತ್ತು. ಟ್ಯಾಕ್ಸಿಗಳೆಲ್ಲ ಅವನ ಸುತ್ತ ಸಿಮೆಂಟಿನ ನೆಲದ ಮೇಲೆ, ಕಿಟಕಿಯ ಬೆಳಕಿನಲ್ಲಿ. ಬೂದು ಬೂದಾಗಿ, ಗೀರು ಗೀರಾಗಿ. ಉಗುರು ಬಣ್ಣ ಸೋರಿದ ಚೆಕ್ಕರು ಅವನ ಕೈಯಲ್ಲಿತ್ತು. ಅದನ್ನು ಮುಖದ ಹತ್ತಿರ ಹಿಡಿದು, ಕತ್ತು ಓರೆ ಮಾಡಿ ನೋಡುತ್ತಿದ್ದ.

"ನಾನೇ ಮಾಡಿದ್ದು," ಎಂದಳು. ಇಷ್ಟು ದಿನ ಕಟ್ಟಿಟ್ಟ ಮಾತುಗಳಲ್ಲಿ ಅದೊಂದೇ ಹೊರಬಂತು. "ಹುಣಸೆಹಣ್ಣು ಹಾಕಿ ತೊಳೆದೆ. ಬಣ್ಣ ಹೋತದೆ ಅಂತ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ."

"ತೊಳೆದದ್ದು ಗೊತ್ತಿತ್ತು. ಮೊದಲ ದಿನವೇ. ಹುಣಸೆಹಣ್ಣಿನ ವಾಸನೆ ಇತ್ತು. ಚೌಕಳಿ ಕೈಗೆ ಸಿಗಲಿಲ್ಲ."

ಮಾಸ್ತಮ್ಮ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಹೊಟ್ಟೆ ಉರೀತು," ಎಂದ ಈರಪ್ಪ. ಅವನು ಟ್ಯಾಕ್ಸಿಯ ಜತೆ ಮಾತಾಡುವಂತೆ ಮಾತಾಡುತ್ತಿದ್ದ. "ಹೇಳಿದ ಹಾಂಗೇ ಮಾಡಿಬಿಟ್ಲು ಅಂತ. ನನಗೆ ಕಣ್ಣಿಲ್ಲದ ಹೊತ್ತೇ ನೋಡಿ ಮಾಡಿದ್ಲು ಅಂತ. ಎರಡು ದಿನ ನಿನ್ನ ಕೈ ತಾಗಿದ್ರೆ ಮೈಯೆಲ್ಲ ಉರೀತಿತ್ತು ನನಗೆ. ಸುಳ್ಳು ಹೇಳೂದಿಲ್ಲ."

"ಅದೇ ಹೆದರಿಕೆ ನನಗೆ," ಎಂದಳು ಅವಳು. "ನೀವು ಹಾಂಗೇ ತಿಳಿತ್ರಿ ಅಂತಲೇ..."

ಅವನು ಕೈ ಎತ್ತಿ ಅವಳನ್ನು ತಡೆದ. ಅಂಗಿಯ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು, ತೆರೆದು, ಅಂಗೈ ಮೇಲೆ ಮಗುಚಿದ. ಒಣಗಿ ಕಪ್ಪಾದ, ಚಪ್ಪಟೆಯಾದ ಎಂತದೋ ಒಂದು ಸಿಪ್ಪೆ, ಅದಕ್ಕೆ ಅಂಟಿದ ನಾಲ್ಕಾರು ಸಣ್ಣ ಬೀಜ.

"ಮತ್ತೊಂದ್ಸಲ ಚೆಕ್ಕರ್ ಕೇಳಿದ್ನಲ್ಲ, ಆಗ ಸಿಕ್ಕಿದ್ದು. ಗಾಲಿಯ ಸಂದಿಯಲ್ಲಿ ಅಂಟಿತ್ತು. ಬೆರಳಿಗೆ ಎಂತದು ಅಂತ ತಿಳೀಲಿಲ್ಲ. ನಾಲಿಗೆಗೆ ಹಚ್ಚಿ ನೋಡ್ದೆ. ಕಹಿ. ಸುಂಡೆಕಾಯಿ. ಸುಂಡೆಕಾಯಿ ಗಾಲಿ ಅಡಿಗೆ ಯಾಕೆ ಬಂತು ಅಂತ ಆ ಸಂಜೆ ಬಹಳ ಹೊತ್ತು ಯೋಚನೆ ಮಾಡ್ದೆ." ಅವನು ತಲೆ ಎತ್ತಿ, ಗೆರೆಯ ಮೇಲಿನಿಂದ ಅವಳನ್ನು ಸರಿಯಾಗಿ ನೋಡಿದ. "ಇಪ್ಪತ್ತು ವರ್ಷ ನೀನು ಇದನ್ನ ಆಟಿಗೆ ಅಂದೆ. ಆಟಿಗೆಯ ಗಾಲಿಗೆ ಯಾರೂ ನಿಂಬೆಹಣ್ಣು ಇಡೂದಿಲ್ಲ, ಮಾಸ್ತಿ."

ಮಾಸ್ತಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಅಳು ತಡೆದಷ್ಟೂ ಉಕ್ಕಿ ಬಂತು. ಏನಾದರೂ ಹೇಳಬೇಕಲ್ಲ ಎಂದು ಹೇಳಿದಳು: "ನಿಂಬೆಹಣ್ಣು... ದೊಡ್ಡದಾತು. ಗಾಡಿಯೇ ಮಗುಚ್ತಿತ್ತು."

ಗಾಡಿ ಎಂದಳು. ಅವಳಿಗೆ ಅದು ಗೊತ್ತಾಗಲಿಲ್ಲ, ಈರಪ್ಪನಿಗೆ ಗೊತ್ತಾಯಿತು. ಅವನ ಮೀಸೆಯಡಿ ನಗು ಮೂಡಿತು. ಅದರ ಬೆನ್ನಿಗೇ ಬೋಳಾದ ಟ್ಯಾಕ್ಸಿಗಳ ಸಾಲು ನೋಡಿ ಉಸಿರು ಬಿಟ್ಟ. ನೋವು ಇದ್ದೇ ಇತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. "ಮತ್ತೊಂದ್ಸಲ ಹುಣಸೆಹಣ್ಣು ಹಿಡ್ಕಂಡು ಈ ಕಡೆ ಬಂದೆ ಅಂದ್ರೆ ನಿನ್ನನ್ನೇ ಹೊಳಿಗೆ ಹಾಕ್ತೆ," ಎಂದ. "ಬಾ, ಕೂತ್ಕ ಇಲ್ಲಿ. ಎಷ್ಟು ಹೊತ್ತು ನಿಂತಿರ್ತೆ?"

ಅವಳು ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತಳು. ಈರಪ್ಪ ಚೆಕ್ಕರಿನ ಹಿಂಬಾಗಿಲು ತೆಗೆದು, ಉಗುರ ತುದಿಯಿಂದ ಮಡಚಿದ ಸೀಟನ್ನು ಎಬ್ಬಿಸಿ ನೋಡಿದ. ಹುಳಿ, ಬೂದಿ, ನಾರು ಯಾವುದೂ ಅಲ್ಲಿಯವರೆಗೆ ಹೋಗಿರಲಿಲ್ಲ. ಅದರ ಕೆಂಪು ಬಣ್ಣ ಹಾಗೇ ಇತ್ತು. ಸೀಟನ್ನು ಹಾಗೆಯೇ ಬಿಡಿಸಿಟ್ಟು, ಬಾಗಿಲು ಮುಚ್ಚಿ, ಆ ದಿನದ ಪಾಳಿಗೆ ಚೆಕ್ಕರನ್ನೇ ಎಲ್ಲಕ್ಕಿಂತ ಮುಂದೆ ನಿಲ್ಲಿಸಲು ಹೆಂಡತಿಯ ಕೈಗೆ ಕೊಟ್ಟ.